ಹೊನ್ನಯ್ಯನ ತಲೆ ಮುಟ್ಟಿದ ಕಾಗೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಮಳವಳ್ಳಿ ಇನ್ನೇನು ಬಂತು ಅನ್ನುವಾಗ, ಎಡಗಡೆಗೆ ಒಂದು ಗಾಡಿದಾರಿ ಒಡೆಯುತ್ತದೆ. ಆ ದಾರಿ ಹೋಗಿ ಮುಟ್ಟುವ ಊರಿನಲ್ಲಿ ನಾನು ಮೇಷ್ಟ್ರಾಗಿದ್ದೆ. ತಿರುನಾರಾಯಣ ಎಂದು ನನಗೊಂದು ಹೆಸರಿದ್ದದ್ದು ಸರ್ಕಾರಕ್ಕೆ ಬಿಟ್ಟರೆ ಆ ಊರಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಶಾಲೆ ಎಂದರೆ ಒಂದು ಹೆಂಚಿನ ಹಜಾರ, ಒಂದು ಕಪ್ಪು ಹಲಗೆ, ಮತ್ತು ಅಂಗಳದ ಒಂದು ಮೋಟುಗೋಡೆಯಾಚೆ ಕೆಂಪಸಿದ್ದಯ್ಯನ ಕೊಟ್ಟಿಗೆ. ನಾನು ಈ ಕಡೆ ಮಗ್ಗಿ ಹೇಳಿಕೊಡುತ್ತಿದ್ದರೆ ಆ ಕಡೆ ಯಾರೋ ‘ಅಯ್ಯಯ್ಯೋ ಸತ್ತೆ’ ಎಂದು ಕಿರುಚುತ್ತಿದ್ದರು. ನನ್ನ ಶಾಲೆಯ ಮಕ್ಕಳು ಮಗ್ಗಿಯನ್ನು ಅದೇ ರಾಗದಲ್ಲಿ ಹೇಳುವುದನ್ನು ಕಲಿತಿದ್ದರು.

ಕೆಂಪಸಿದ್ದಯ್ಯ ಮೂಳೆ ಕಟ್ಟುವವನು. ಬಿದಿರಿನ ದಬ್ಬೆ, ಕೋಳಿಮೊಟ್ಟೆ, ಅವನ ತಾತ ಹೇಳಿಕೊಟ್ಟ ಯಾವುದೋ ಸೊಪ್ಪು, ಇಷ್ಟಿದ್ದರೆ ಅವನಿಗೆ ಸಾಕು. ಮಂಡ್ಯ ಸೀಮೆಯ ಮುದುಕ ಮುದುಕಿಯರು ಸೊಂಟ ಮುರಿದುಕೊಂಡರೆ ಮಕ್ಕಳು ಗಾಡಿಯಲ್ಲಿ ಹುಲ್ಲು ಹಾಸಿ ಇಲ್ಲಿಗೆ ತಂದು ಮಲಗಿಸುತ್ತಿದ್ದರು. ಕಟ್ಟು ಬಿಚ್ಚುವ ಹೊತ್ತಿಗೆ ಬರುತ್ತೇವೆ ಎಂದು ಹೇಳಿ ಹೋಗುತ್ತಿದ್ದರು. ಮೂಳೆ ಕೂಡಿಕೊಳ್ಳುತ್ತಿತ್ತು, ಕಟ್ಟು ಬಿಚ್ಚುತ್ತಿತ್ತು, ಮಕ್ಕಳು ಮಾತ್ರ ಬರುತ್ತಿರಲಿಲ್ಲ.

ಇದಕ್ಕೆ ನಾನು ಮಕ್ಕಳನ್ನು ಬಯ್ಯುತ್ತೇನೆ, ಜೊತೆಗೆ ನಾಲೆಯನ್ನೂ ಬಯ್ಯುತ್ತೇನೆ. ಮುಂಚೆ ರಾಗಿ ಕುಯ್ದು ಕಣ ಮುಗಿದ ಮೇಲೆ ನಮ್ಮ ರೈತರು ತಿಂಗಳುಗಟ್ಟಲೆ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾಲೆ ನೀರು ಬಂತು, ಅದರ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಎಲ್ಲರ ಕೈಗೂ ನಾಲ್ಕು ಕಾಸು ಬಂತು, ಎಲ್ಲರ ಪುರಸೊತ್ತೂ ಹೋಯಿತು. ಹೊಲದಲ್ಲಿ ನೀರು ನಿಂತರೂ ಕೆಲಸ, ಹರಿದರೂ ಕೆಲಸ. ಹೀಗಾಗಿ ಕೆಂಪಸಿದ್ದಯ್ಯನ ಕೊಟ್ಟಿಗೆ ಮೂಳೆ ಕಟ್ಟುವ ಜಾಗ ಹೋಗಿ ವಯಸ್ಸಾದವರನ್ನು ಇಟ್ಟುಕೊಳ್ಳುವ ಜಾಗವಾಯಿತು. ಅವನೂ ಪಾಪ, ಹೊರಗೆ ಹಾಕುವ ಜಾತಿಯಲ್ಲ. ಬಾಯಲ್ಲಿ ಬಯ್ಯುತ್ತ ಎಲ್ಲರಿಗೂ ಮುದ್ದೆ ಹಾಕುತ್ತಿದ್ದ.

ಮಂಡ್ಯದ ಪಕ್ಕದ ಹೊಳಲಿನ ಹೊನ್ನಯ್ಯ ಅಲ್ಲಿಗೆ ಬಂದದ್ದು ತೊಡೆಯ ಮೂಳೆ ಮುರಿದುಕೊಂಡು. ಅವನ ಜೊತೆಗೆ ನೋಡಿಕೊಳ್ಳಲು ಹೆಂಡತಿ ಹೊಂಬಾಳಮ್ಮ ಬಂದಳು. ಹೊನ್ನಯ್ಯ ದೊಡ್ಡ ಮಾತುಗಾರ, ಸಿಡುಕ, ಯಾರ ಮಾತನ್ನೂ ನೆಟ್ಟಗೆ ಪೂರ್ತಿ ಕೇಳಿದವನಲ್ಲ. ಹೊಂಬಾಳಮ್ಮ ಅವನು ಹತ್ತು ಮಾತಾಡಿದರೆ ಒಂದು ಮಾತಾಡುವಳು, ಆ ಒಂದರಲ್ಲಿ ಅವನ ಹತ್ತೂ ಮುಗಿದುಹೋಗುತ್ತಿದ್ದವು. ಅವರಿಗೆ ಒಬ್ಬನೇ ಮಗ, ಚಲುವರಾಜು. ಕಬ್ಬು ಬೆಳೆಯುತ್ತಿದ್ದ. ಒಳ್ಳೆಯವನು. ಒಳ್ಳೆಯವನು ಎಂದು ಯಾಕೆ ಹೇಳುತ್ತೇನೆಂದರೆ, ಕೆಟ್ಟವನಾಗಿದ್ದರೆ ಈ ಕತೆ ಇರುತ್ತಿರಲಿಲ್ಲ.

ಚಲುವರಾಜು ಬರುತ್ತಿದ್ದ. ಮಂಡ್ಯದಲ್ಲಿ ರೈಲು ಹತ್ತಿ, ಮದ್ದೂರಿನಲ್ಲಿ ಇಳಿದು, ಮಳವಳ್ಳಿ ಮೋಟಾರು ಹಿಡಿದು, ಅಲ್ಲಿಂದ ನಡೆದು ಬರುತ್ತಿದ್ದ. ಬಂದವನು ಒಳಗೆ ಮಾತ್ರ ಕೂರುತ್ತಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೆಗಲ ಮೇಲಿನ ಟವಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ತಂದ ಬೆಲ್ಲ, ಅಕ್ಕಿ ಅವ್ವನ ಕೈಗೆ ಕೊಡುತ್ತಿದ್ದ.

“ಕುಂತ್ಕಳ್ಲಾ ವಸಿ,” ಅನ್ನುತ್ತಿದ್ದ ಹೊನ್ನಯ್ಯ.

“ಇಲ್ಲ ಕಣಪ್ಪ, ಕಟಾವು ಐತೆ. ವಾಪಸ್ ಮೋಟಾರು ತಪ್ಪೋಯ್ತದೆ.”

“ಒಂದು ಮುದ್ದೆ ಉಣ್ಣೋವಸ್ಟೊತ್ತು ಕುಂತ್ಕ.”

“ಮುಂದಿನ ಸಾರಿ ಬಂದಾಗ ಕುಂತ್ಕತೀನಿ. ಕಟಾವು ಮುಗೀಲಿ, ನಿಮ್ಮಿಬ್ರನ್ನೂ ಅಟ್ಟಿಗೇ ಕರ್ಕಂಡೋಯ್ತೀನಿ.”

ಕಟಾವು ಮುಗಿಯುತ್ತಿತ್ತು. ಆಮೇಲೆ ಕಡಿದ ಬುಡದಿಂದ ಕೂಳೆ ಚಿಗುರುತ್ತಿತ್ತು, ಕೂಳೆಗೆ ನೀರು ಬೇಕಿತ್ತು. ಹೊನ್ನಯ್ಯನಿಗೆ ಬೇಕಾಗಿದ್ದದ್ದು ಬೆಲ್ಲವಲ್ಲ. ಮಗ ಒಂದು ಹೊತ್ತು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ತನ್ನ ಜೊತೆ ಉಣ್ಣಬೇಕು, ಸಾಯುವುದರೊಳಗೆ ಅಷ್ಟು ಆಗಬೇಕು ಎಂಬ ಆಸೆ ಅವನಿಗೆ ಬಲವಾಗಿ ಹತ್ತಿತ್ತು. ಅದನ್ನು ಮಗನಿಗೆ ಬಾಯಿಬಿಟ್ಟು ಹೇಳುವಷ್ಟು ಅವನು ಸಣ್ಣವನಾಗಲಾರ. ಅದಕ್ಕೇ ನನಗೆ ಹೇಳುತ್ತಿದ್ದ. ಗೋಡೆಯಾಚೆ ಮಲಗಿದ್ದಲ್ಲಿಂದಲೇ ಕೂಗಿ, ನಾನು ಪಾಠ ಮಾಡುವಾಗಲೇ ಹೇಳುತ್ತಿದ್ದ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅವನು ತಲೆಗೆ ಹರಳೆಣ್ಣೆ ಮೆತ್ತಿಕೊಂಡು ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಾಗ ಒಂದು ಕಾಗೆ ಬಂದು ಪಟ್ ಎಂದು ಅವನ ನೆತ್ತಿಗೆ ಹೊಡೆದು ಹೋಯಿತು.

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತು ಎಂದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವನು ಸತ್ತನೆಂದು ಹತ್ತಿರದ ನಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅದನ್ನು ನಂಬಬೇಕು, ನಂಬಿ ಮನಸಾರೆ ಅಳಬೇಕು. ಆ ಕಣ್ಣೀರಿನಲ್ಲಿ ದೋಷ ಕೊಚ್ಚಿಕೊಂಡು ಹೋಗುತ್ತದೆ. ಮುಂಚೆಯೇ ಗುಟ್ಟು ತಿಳಿದು ಅತ್ತರೆ ಆ ಅಳು ದಂಡ. ಆಮೇಲೆ ನಿಜ ತಿಳಿದಾಗ ಯಾರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಅದೂ ಕಟ್ಟಳೆಯೇ. ನಾನು ಇದನ್ನು ನಂಬುತ್ತೇನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಹಾಗಾಗಿ ನಾನೂ ಹೇಳುವುದಿಲ್ಲ.

ಕೆಂಪಸಿದ್ದಯ್ಯನಿಗೆ ಸೊಪ್ಪು ಅರೆದುಕೊಡುತ್ತಿದ್ದ ಚಿಕ್ಕಬೋರಯ್ಯನನ್ನು ಹೊಳಲಿಗೆ ಕಳಿಸಿದರು. ಅವನ ಮುಖವೇ ಸಾವಿನ ಸುದ್ದಿಗೆ ಹೇಳಿ ಮಾಡಿಸಿದ್ದು. ಮದುವೆ ಊಟದಲ್ಲಿ ಕೂತರೂ ನೋಡಿದವರು ಯಾರು ಹೋದರು ಎಂದು ಕೇಳುತ್ತಿದ್ದರು. ಅವನು ಹೋಗಿ ಚಲುವರಾಜುವಿನ ಗದ್ದೆಯ ಬದುವಿನಲ್ಲಿ ನಿಂತು, “ನಿಮ್ಮಪ್ಪ ಓಗ್ಬುಟ್ಟ ಕಣ್ಲಾ” ಅಂದ. ಅಷ್ಟೇ ಸಾಕಾಯಿತು.

ಮಾರನೆಯ ದಿನ ಊರಿಗೆ ಊರೇ ಬಂತು. ಹೆಣವನ್ನು ಹೊಳಲಿಗೆ ಒಯ್ಯಲು ಎತ್ತಿನ ಗಾಡಿ, ಗಾಡಿಯಲ್ಲಿ ಮೆತ್ತಗೆ ಹುಲ್ಲು, ಹುಲ್ಲಿನ ಮೇಲೆ ಬಿಳಿ ಬಟ್ಟೆ, ಹೂವು. ಗಾಡಿಯ ಮುಂದೆ ತಮಟೆಯವರು. ಎಲ್ಲರಿಗಿಂತ ಮುಂದೆ ಚಲುವರಾಜು ಎದೆ ಎದೆ ಬಡಿದುಕೊಂಡು ಓಡಿ ಬರುತ್ತಿದ್ದ.

“ನನ್ನಪ್ಪಾ! ಬಂಗಾರದಂತ ನನ್ನಪ್ಪಾ! ಯಾರ್ಗೂ ಒಂದು ಕೆಟ್ಟ ಮಾತಾಡ್ದೋನಲ್ವಲ್ಲೋ! ಎಗಲ ಮ್ಯಾಲೆ ಕೂರಿಸ್ಕಂಡು ಮುತ್ತತ್ತಿ ಒಳೆ ತೋರಿಸ್ದಲ್ಲೋ ನನ್ನಪ್ಪಾ!”

ಕೊಟ್ಟಿಗೆಯ ಒಳಗಿಂದ ಹೊನ್ನಯ್ಯನ ದನಿ ಬಂತು. “ಲೇ, ಮುತ್ತತ್ತಿಗೆ ಎತ್ಕಂಡೋಗಿದ್ದು ನಿಮ್ಮ ಸೋದರಮಾವ ಕಣ್ಲಾ. ನಾನು ಅವತ್ತು ಜ್ವರ ಬಂದು ಮನ್ಗಿದ್ದೆ.”

ತಮಟೆ ನಿಂತಿತು. ಚಲುವರಾಜು ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತ. ಅಪ್ಪ ಗೋಡೆಗೆ ಒರಗಿ ಉಪ್ಪೆಸರಿನಲ್ಲಿ ಮುದ್ದೆ ಮುರಿಯುತ್ತಿದ್ದ. ಹೊಂಬಾಳಮ್ಮ ತಲೆ ಬಗ್ಗಿಸಿಕೊಂಡು, “ಕಾಗೆ ಮುಟ್ತು ಕಣ್ ಮಗಾ” ಅಂದಳು. ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಚಲುವರಾಜು ನಗಲಿಲ್ಲ. ಹಾಗೇ ಒಳಗೆ ಬಂದು ಅಪ್ಪನ ಎದುರಿಗೆ ಕೂತ. ಹೊನ್ನಯ್ಯ ತಟ್ಟೆಯಿಂದ ಅರ್ಧ ಮುದ್ದೆ ಮುರಿದು ಮಗನ ಕಡೆ ತಳ್ಳಿದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಹೊನ್ನಯ್ಯನ ಮುಖ ನೋಡಿದ ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಅವತ್ತು ಚಲುವರಾಜು ಹೊತ್ತು ಮುಳುಗುವವರೆಗೂ ಇದ್ದ. ಅಪ್ಪ ಅವನಿಂದ ಅಳುವನ್ನು ಪದ ಪದವಾಗಿ ಮತ್ತೆ ಹೇಳಿಸಿದ.

“ಬಂಗಾರದಂತ ಅಂದ್ಯಲ್ಲ, ಅದು ದಿಟ್ವಾ?”

“ದಿಟ ಕಣಪ್ಪ.”

“ಕೆಟ್ಟ ಮಾತಾಡ್ದೋನಲ್ಲ ಅಂದ್ಯಲ್ಲ, ಅದು?”

“ಅದು... ಅಳುವಾಗ ಅಂಗೇ ಬಂದ್ಬುಡ್ತದೆ.”

“ಆಗ್ಲಿ, ಅದ್ನೂ ಇಟ್ಕಂಡಿರು. ಮುಂದಕ್ಕೆ ಬೇಕಾಯ್ತದೆ,” ಅಂದ ಹೊನ್ನಯ್ಯ.

ಹೊರಡುವಾಗ ಅವನು ಗಾಡಿಯ ಹುಲ್ಲನ್ನು ಆಸೆಯಿಂದ ನೋಡಿದ. “ಎಂಗೂ ಗಾಡಿ ಬಂದದೆ, ನಾನೂ ಬತ್ತೀನಿ, ಮೇಲಕ್ಕೆ ಅತ್ತಿಸ್ರೋ” ಅಂದ. ಊರಿನ ಹಿರಿಯರು ಕೈ ಅಡ್ಡ ಹಿಡಿದರು. ಹೆಣ ತರಲು ಹೊರಟ ಗಾಡಿಯಲ್ಲಿ ಬದುಕಿರುವವನು ಕೂತರೆ ಏನಾಗಬೇಡ! ಸತ್ತಿದ್ದರೆ ತಕರಾರಿರಲಿಲ್ಲ. ಗಾಡಿ ಖಾಲಿ ಹೋಯಿತು. ಗದ್ದೆಯ ಗೆಯ್ಮೆ ಮುಗಿದ ಮೇಲೆ ಬೇರೆ ಗಾಡಿ ತರುತ್ತೇನೆ ಎಂದು ಚಲುವರಾಜು ಹೇಳಿದ. ಹೊನ್ನಯ್ಯ ರಸ್ತೆಯನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದ.

ಇದನ್ನೆಲ್ಲ ಕೊಟ್ಟಿಗೆಯ ಉಳಿದವರು ಕಣ್ಣು ಪಿಳುಕಿಸದೆ ನೋಡಿದ್ದರು. ಮುಖ್ಯವಾಗಿ ಮಾದಯ್ಯ. ಹನಕೆರೆಯವನು, ಹೊನ್ನಯ್ಯನ ಪಕ್ಕದ ಚಾಪೆ. ಅವನಿಗೆ ಗಂಡು ಮಕ್ಕಳು ತುಂಬಾ ಇದ್ದರು, ಎಲ್ಲರೂ ಕಬ್ಬು ಹಾಕಿದ್ದರು. ಎರಡು ದಿನ ಕಳೆಯುವುದರೊಳಗೆ ಮಾದಯ್ಯನ ತಲೆಯನ್ನೂ ಕಾಗೆ ಮುಟ್ಟಿತು. ಅವನ ರುಮಾಲಿನಲ್ಲಿ ಅನ್ನದ ಅಗುಳು ಸಿಕ್ಕಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ. ಕೇಳಿದ್ದಕ್ಕೆ, “ಉಣ್ವಾಗ ಮ್ಯಾಕ್ಕೆ ಆರ್ದೋ ಏನೋ ಮೇಷ್ಟ್ರೇ” ಅಂದ. ತಲೆಯ ಮೇಲಕ್ಕೆ ಅನ್ನ ಹಾರುವಂತೆ ಉಣ್ಣುವುದನ್ನು ನಾನು ಈವರೆಗೆ ಎಲ್ಲಿಯೂ ಕಂಡಿಲ್ಲ. ಹನಕೆರೆಯಿಂದ ಮಕ್ಕಳೆಲ್ಲ ಗೋಳಾಡುತ್ತ ಬಂದರು.

ಅಲ್ಲಿಂದ ಕಾಗೆಗಳಿಗೆ ಬಿಡುವಿಲ್ಲ. ಒಬ್ಬಳು ತುರುಬಿಗೆ ಹಪ್ಪಳ ಸಿಕ್ಕಿಸಿಕೊಂಡು ಬೇಲಿ ಪಕ್ಕ ಕೂತಳು. ಇನ್ನೊಬ್ಬ ಬೋಳುತಲೆಗೆ ಬೆಲ್ಲದ ಪಾಕ ಸವರಿಕೊಂಡು ಇರುವೆ ಕಚ್ಚಿಸಿಕೊಂಡ, ಕಾಗೆ ಬರಲಿಲ್ಲ, ಆದರೂ ಸುದ್ದಿ ಕಳಿಸಿದ. ಸುತ್ತಮುತ್ತಲಿನ ಕಾಗೆಗಳೆಲ್ಲ ನಮ್ಮೂರಿಗೇ ಬಂದು ಬೀಡು ಬಿಟ್ಟವು. ನನ್ನ ತಲೆಯನ್ನೂ ಮುಟ್ಟಿದರೆ ಅಳುವವರು ಯಾರಿದ್ದಾರೆ ಎಂದು ಹೆದರಿ ನಾನು ಶಾಲೆಗೆ ಕೊಡೆ ಹಿಡಿದುಕೊಂಡು ಹೋಗತೊಡಗಿದೆ. ತಮಟೆಯವರು, ಬಂದು ಹೋಗುವ ಕಷ್ಟ ಯಾಕೆ ಎಂದು ನಮ್ಮ ಹುಣಿಸೆ ಮರದ ಕೆಳಗೇ ಒಲೆ ಹೂಡಿಕೊಂಡರು. ಯಾವ ಕಡೆಯಿಂದ ಅಳು ಕೇಳಿಸಿದರೂ ಊಟ ಬಿಟ್ಟು ಎದ್ದು ಬಾರಿಸುತ್ತಿದ್ದರು. ಇನ್‌ಸ್ಪೆಕ್ಟರು ಶಾಲೆ ನೋಡಲು ಬಂದ ದಿನ ಅವರನ್ನೂ ಯಾರದೋ ನಂಟರೆಂದು ತಿಳಿದು ತಮಟೆ ಬಡಿದು ಒಳಗೆ ಕರೆತಂದರು. ನನ್ನ ಬಡ್ತಿಯ ಆಸೆ ಅಲ್ಲಿಗೆ ಮುಗಿಯಿತು.

ಆದರೆ ಅಳುವಿಗೂ ಒಂದು ಮಿತಿಯಿರುತ್ತದೆಯಲ್ಲ. ಎರಡನೆಯ ಸಲ ಬಂದವರು ಅರ್ಧ ಅತ್ತರು. ಮೂರನೆಯ ಸಲಕ್ಕೆ ಮಾದಯ್ಯನ ಮಕ್ಕಳು, ಈ ವಾರ ಬಿತ್ತನೆ ಇದೆ, ಮುಂದಿನ ವಾರ ಬಂದು ಅಳುತ್ತೇವೆ ಎಂದು ಹೇಳಿ ಕಳಿಸಿದರು. ಹೊನ್ನಯ್ಯನೂ ಆಸೆ ತಾಳದೆ ತಲೆ ಮೇಲೆ ಅನ್ನ ಇಟ್ಟುಕೊಂಡ. ಚಲುವರಾಜು ಓಡುತ್ತ ಬರಲಿಲ್ಲ, ನಡೆದು ಬಂದ. ಬಾಗಿಲಲ್ಲಿ ಇಣುಕಿ, “ಇದ್ದೀಯಾ? ಸರಿ” ಎಂದು ಬಾಗಿಲಲ್ಲೇ ನಿಂತ. ಇನ್ನೊಂದು ಸಲ ಸುದ್ದಿ ಹೋದಾಗ ಅವನು ಬರಲೇ ಇಲ್ಲ. ಮಳವಳ್ಳಿ ಸಂತೆಗೆ ಬರುವವರ ಕೈಯಲ್ಲಿ ಒಂದು ಉಂಡೆ ಬೆಲ್ಲ ಕಳಿಸಿದ. ಸತ್ತ ಅಪ್ಪನಿಗೆ ಬೆಲ್ಲ ಕಳಿಸಿದ ಮಗನನ್ನು ನೀವು ನೋಡಿದ್ದೀರಾ? ಹೊನ್ನಯ್ಯ ಅದನ್ನು ಬಾಯಿಗಿಡಲಿಲ್ಲ. ಹೊಂಬಾಳಮ್ಮ, “ಇನ್ನೊಂದು ಸಾರಿ ತಲೆ ಮ್ಯಾಲೆ ಅನ್ನ ಇಟ್ಕಂಡ್ರೆ ನಾನೇ ನಿನ್ನ ಕುಕ್ಕಿ ಸಾಯಿಸ್ತೀನಿ” ಅಂದಳು. ಕೆಂಪಸಿದ್ದಯ್ಯ ದಬ್ಬೆ ಹಿಡಿದು ನಿಂತು, ತನ್ನ ಕೊಟ್ಟಿಗೆಯಿಂದ ಇನ್ನು ಮೇಲೆ ಸಾವಿನ ಸುದ್ದಿ ಹೊರಡಕೂಡದು, ಸತ್ತರೂ ಹೊರಡಕೂಡದು ಎಂದು ಕಟ್ಟುನಿಟ್ಟು ಮಾಡಿದ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಮಧ್ಯಾಹ್ನ ನಾನು ಗೋಡೆಯ ಈಚೆ ನಿಂತು ಹಲಗೆ ಒರೆಸುತ್ತಿದ್ದೆ. ಹೊನ್ನಯ್ಯ ಅಂಗಳದಲ್ಲಿ ಕೋಲೂರಿ ಹೆಜ್ಜೆ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದ. ತಲೆಯ ಮೇಲೆ ಅನ್ನವಿರಲಿಲ್ಲ, ಬೆಲ್ಲವಿರಲಿಲ್ಲ, ಎಣ್ಣೆ ಕೂಡ ಇರಲಿಲ್ಲ. ಕಾಗೆ ಎಲ್ಲಿತ್ತೋ, ನೇರ ಬಂದು ಅವನ ನೆತ್ತಿಗೆ ಕುಕ್ಕಿತು. ರಕ್ತ ಬಂತು. ಅವನು ಕೋಲು ಬಿಟ್ಟು ಅಲ್ಲೇ ನೆಲಕ್ಕೆ ಕೂತ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡ.

ಚಿಕ್ಕಬೋರಯ್ಯನನ್ನು ಕರೆದರೆ ಅವನು ಬರಲೊಲ್ಲ. “ನನ್ನ ಮುಖ ಕಂಡ್ರೆ ಒಳಲ್ನಾಗೆ ಈಗ ಮಕ್ಳು ನಗ್ತವೆ, ಓಗಾಕಿಲ್ಲ” ಅಂದ. ಉಳಿದವರು, ಅನ್ನ ಎಲ್ಲಿ ಬಚ್ಚಿಟ್ಟಿದ್ದೆ ತೋರಿಸು ಎಂದು ರೇಗಿಸಿದರು. ಹೊನ್ನಯ್ಯ ನನ್ನ ಕಡೆ ತಿರುಗಿದ. ನಾನು ಮಾರನೆಯ ದಿನ ಮಂಡ್ಯಕ್ಕೆ ಆಫೀಸಿನ ಕೆಲಸದ ಮೇಲೆ ಹೋಗುವವನಿದ್ದೆ.

“ಮೇಷ್ಟ್ರೇ, ನೀವು ಏಳಿದ್ರೆ ನಂಬ್ತಾನೆ. ನಾನು ಸತ್ತೆ ಅಂತ ಏಳಿ.”

ನನಗೆ ರೇಗಿತು. “ಈ ವಯಸ್ಸಿನಲ್ಲಿ ಕಾಗೆಗೆ ಯಾಕಯ್ಯಾ ಇಷ್ಟು ಹೆದರುತ್ತೀಯ? ಇವತ್ತಲ್ಲ ನಾಳೆ ಎಲ್ಲರೂ ಹೋಗುವುದೇ ತಾನೆ?” ಅಂದೆ.

ಅವನು ನೆತ್ತಿಯ ರಕ್ತವನ್ನು ಪಂಚೆಯ ಚುಂಗಿನಿಂದ ಒತ್ತಿಕೊಂಡ. “ಸಾಯಾಕೆ ಎದ್ರಿಕೆ ಇಲ್ಲ ಮೇಷ್ಟ್ರೇ. ಅವ್ನು ಒಂದೇ ಒಂದು ದಿನ ನನ್ನ ಎದ್ರಿಗೆ ಕುಂತಿದ್ದು. ಅದ್ರ ರುಚಿ ಅತ್ಬುಡ್ತು. ಇನ್ನೂ ವಸಿ ದಿನ ಬೇಕಾಗದೆ ನಂಗೆ,” ಅಂದ. ನಾನು ಹೇಳುತ್ತೇನೆ ಎಂದು ಒಪ್ಪಿಕೊಂಡೆ.

ಚಲುವರಾಜು ಮಂಡ್ಯದಲ್ಲೇ ಸಿಕ್ಕಿದ. ಕಾರ್ಖಾನೆಯ ಹೊರಗೆ ಕಬ್ಬಿನ ಗಾಡಿಗಳ ಸಾಲು ನಿಂತಿತ್ತು, ಅವನು ತನ್ನ ಗಾಡಿಯ ನೊಗಕ್ಕೆ ಒರಗಿ ಸರದಿ ಕಾಯುತ್ತಿದ್ದ. ನಾನು ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡು, “ಚಲುವರಾಜು, ನಿಮ್ಮ ತಂದೆ ತೀರಿಕೊಂಡರಪ್ಪ” ಅಂದೆ. ಅವನು ನನ್ನ ಮುಖ ನೋಡಿ ಪಕ್ಕದ ಗಾಡಿಯವನ ಕಡೆ ತಿರುಗಿ ನಕ್ಕ.

“ಏನ್ ಮೇಷ್ಟ್ರೇ, ನಿಮ್ಗೂ ಅಂಟ್ಕಂತಾ? ಎಸ್ಟೊತ್ಗೆ ಸತ್ತ? ಉಂಡ್ಮೇಲಾ, ಉಣ್ಣಕ್ ಮುಂಚೆನಾ?”

ಇಡೀ ಸಾಲು ನಕ್ಕಿತು. ಸುಳ್ಳು ಹೇಳುವುದು ನನಗೆ ಒಗ್ಗುವುದಿಲ್ಲ, ಅದರಲ್ಲೂ ನಂಬದವರ ಮುಂದೆ ಹೇಳಿದರೆ ಮೈ ಉರಿಯುತ್ತದೆ. “ಸತ್ತಿಲ್ಲ ಕಣಯ್ಯಾ!” ಎಂದು ಕಿರುಚಿಬಿಟ್ಟೆ. “ಬದುಕಿದ್ದಾನೆ. ಕೂತಿದ್ದಾನೆ, ಉಣ್ಣುತ್ತಿದ್ದಾನೆ. ಆದರೆ ಈ ಸಲ ಕಾಗೆ ನಿಜವಾಗಿ ಕುಕ್ಕಿತು, ರಕ್ತ ಬಂತು, ನಾನೇ ನೋಡಿದೆ. ನಿನ್ನ ಅಪ್ಪನಿಗೆ ಹೆದರಿಕೆಯಾಗಿದೆ. ಅಂಗಳಕ್ಕೆ ಬರಲೊಲ್ಲ.”

ಚಲುವರಾಜು ನಗುವುದನ್ನು ನಿಲ್ಲಿಸಿದ. “ಅಪ್ಪಂಗೆ ಎದ್ರಿಕೆನಾ?” ಅಂದ. ಅಪ್ಪ ಸತ್ತ ಎಂದರೆ ನಂಬದವನು ಅಪ್ಪ ಹೆದರಿದ್ದಾನೆ ಎಂದರೆ ನಂಬಿದ. ಹಾವು ಹಿಡಿದು ಬೇಲಿಯಾಚೆ ಎಸೆಯುತ್ತಿದ್ದ ಮನುಷ್ಯನನ್ನು ಕಂಡು ಬೆಳೆದವನು ಅವನು. ಹಗ್ಗವನ್ನು ಪಕ್ಕದ ಗಾಡಿಯವನ ಕೈಗೆ ಕೊಟ್ಟು, ಕಬ್ಬು ತೂಕಕ್ಕೆ ಹಾಕಿ ಎತ್ತುಗಳನ್ನು ಮನೆಗೆ ಹೊಡೆದುಕೊಂಡು ಹೋಗು ಎಂದು ಹೇಳಿ, ನನ್ನ ಜೊತೆ ಸ್ಟೇಷನ್ನಿಗೆ ಹೊರಟ. ನನ್ನ ಆಫೀಸಿನ ಕೆಲಸ ಹಾಗೇ ಉಳಿಯಿತು.

ಬಂದದ್ದೇನೋ ಬಂದ, ಅಳುವುದು ಹೇಗೆ? ಕೊಟ್ಟಿಗೆಯ ಹಿರಿಯರೆಲ್ಲ ಕೂತು ತರ್ಕ ಮಾಡಿದರು. ಸುಳ್ಳು ಸುದ್ದಿ ನಂಬಿ ಅಳಬೇಕು ಎಂದಿದೆ, ಇವನಿಗೆ ನಿಜ ಗೊತ್ತಾಗಿದೆ. ಕೆಂಪಸಿದ್ದಯ್ಯ ಬಹಳ ಯೋಚನೆ ಮಾಡಿ, “ಸುದ್ದಿ ಸುಳ್ಳಾದ್ರೇನು ದಿಟ ಆದ್ರೇನು, ಅಳು ದಿಟ ಆಗಿರ್ಬೇಕು ಅಸ್ಟೇಯ” ಎಂದು ತೀರ್ಪು ಕೊಟ್ಟ. ಹೊನ್ನಯ್ಯ ಮಗನ ಎದುರಿಗೆ ಕೂತು, “ಊಂ, ಅಳ್ಲಾ” ಅಂದ.

ಚಲುವರಾಜು ಮುಖ ಸೊಟ್ಟ ಮಾಡಿದ, ಅಳು ಬರಲಿಲ್ಲ. ‘ಬಂಗಾರದಂತ ನನ್ನಪ್ಪಾ’ ಎಂದು ಶುರು ಮಾಡಿದ, ಅಪ್ಪ ಕಿವಿ ಹಿಂದೆ ಕೈ ಇಟ್ಟುಕೊಂಡು ಕೇಳುವುದನ್ನು ನೋಡಿ ನಗು ಬಂತು. ಮಾದಯ್ಯ ಈರುಳ್ಳಿ ಹೆಚ್ಚಿ ತಂದ. ಕಣ್ಣೀರು ಬಂತು, ಕೆಂಪಸಿದ್ದಯ್ಯ ಅದನ್ನು ಬೆರಳಲ್ಲಿ ಮುಟ್ಟಿ ಮೂಸಿ, ಈರುಳ್ಳಿ ನೀರು ನಡೆಯುವುದಿಲ್ಲ ಎಂದ. ಯಾರೋ ಹಿಂದಿನಿಂದ ಬಂದು ಜಿಗುಟಿದರು. ಚಲುವರಾಜು ಅವರನ್ನು ಹೊಡೆಯಲು ಎದ್ದ.

“ಎಣ ಇಲ್ದೆ ಎಂಗಳ್ತಾನೆ ಪಾಪ!” ಎಂದ ಹೊನ್ನಯ್ಯ. “ನಾನು ಮನೀಕತೀನಿ. ಎಣಕ್ಕೆ ಮಾಡೋದೆಲ್ಲ ಮಾಡ್ಲಿ. ಮೊದ್ಲು ನೀರು ಉಯ್ಲಿ.”

“ಬದ್ಕಿರೋನಿಗೆ ಎಣದ ನೀರು ಉಯ್ತಾರಾ?” ಎಂದು ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು.

“ಉಯ್ಲಿ ಬುಡು. ಮೈಗೆ ನೆಟ್ಟಗೆ ನೀರು ಬಿದ್ದು ಎಸ್ಟು ದಿನ ಆಯ್ತು.”

ಅದು ನಿಜವೇ. ದಬ್ಬೆ ಕಟ್ಟಿದ್ದಾಗ ನೀರು ಸೋಕಿಸುವಂತಿರಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಹೊಂಬಾಳಮ್ಮನಿಗೆ ಅವನನ್ನು ಎತ್ತಿ ಕೂರಿಸುವ ಶಕ್ತಿ ಇರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಅವಳು ಹೋಗಿ ಹಂಡೆಗೆ ನೀರು ತುಂಬಿ ಒಲೆ ಹಚ್ಚಿದಳು.

ಅಂಗಳದ ಕಲ್ಲುಚಪ್ಪಡಿಗೆ ಅಪ್ಪನನ್ನು ಒಯ್ಯಲು ಚಲುವರಾಜು ಬಗ್ಗಿದ. ಭಾರಕ್ಕೆಂದು ಕಾಲು ಊರಿ, ಉಸಿರು ಬಿಗಿಹಿಡಿದು ಎತ್ತಿದ. ಅಷ್ಟು ಬಲ ಬೇಕಾಗಿರಲಿಲ್ಲ. ಹೊನ್ನಯ್ಯ ಹುಲ್ಲಿನ ಹೊರೆಯ ಹಾಗೆ ಮೇಲೆ ಬಂದುಬಿಟ್ಟ. ಚಲುವರಾಜು ಅವನನ್ನು ತೋಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಮೆಲ್ಲಗೆ ಚಪ್ಪಡಿಯ ಮೇಲೆ ಮಲಗಿಸಿದ.

ಹೊನ್ನಯ್ಯ ಕಣ್ಣು ಮುಚ್ಚಿ, ಕೈ ಎದೆಯ ಮೇಲಿಟ್ಟು, ಸತ್ತವರು ಹೇಗಿರಬೇಕೋ ಹಾಗೆ ಬಿಗಿದುಕೊಂಡ. ಹುಣಿಸೆ ಮರದ ಕೆಳಗೆ ತಮಟೆಯವರು ಎದ್ದು ನಿಂತರು, ಕೆಂಪಸಿದ್ದಯ್ಯ ಕೈಸನ್ನೆ ಮಾಡಿ ಕೂರಿಸಿದ. ಚಲುವರಾಜು ಚೆಂಬಿನಲ್ಲಿ ನೀರು ಮೊಗೆದು, ಹದ ನೋಡಿ, ಅಪ್ಪನ ಕಾಲಿಗೆ ಹೊಯ್ದ. ಸೀಗೆಪುಡಿ ಹಚ್ಚಿ ಉಜ್ಜಿದ. ಮುರಿದು ಕೂಡಿದ ಜಾಗದಲ್ಲಿ ಮೂಳೆ ಗಂಟಾಗಿತ್ತು, ಅವನ ಬೆರಳು ಅಲ್ಲಿ ನಿಂತು ನಿಂತು ಹೋಯಿತು. ಮೊಣಕಾಲ ಕೆಳಗೆ ಮಾಂಸವೇ ಇರಲಿಲ್ಲ. ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಹೊಯ್ದ. ಪಕ್ಕೆಲುಬುಗಳ ನಡುವೆ ನೀರು ಇಳಿದುಹೋಗುವುದು ಕಾಣುತ್ತಿತ್ತು. ಬಾಗಿಲಲ್ಲಿ ನಿಂತು ಹೋಗುವವನಿಗೆ ಇದೆಲ್ಲ ಹೇಗೆ ಕಂಡೀತು? ಪಂಚೆ, ರುಮಾಲು, ಬಯ್ಗುಳ ಇಷ್ಟರಲ್ಲಿ ಹೊನ್ನಯ್ಯ ಯಾವಾಗಲೂ ದೊಡ್ಡ ಆಳಾಗಿಯೇ ಕಾಣುತ್ತಿದ್ದ.

ಬಿಸಿನೀರು ಬೆನ್ನಿನ ಮೇಲಿಂದ ಇಳಿದಾಗ ಹೆಣದ ಮುಖ ಅರಳಿತು. ತುಟಿ ಬಿಗಿಹಿಡಿಯಲು ನೋಡಿತು, ಆಗಲಿಲ್ಲ.

“ಇನ್ನೊಂದು ಚೆಂಬು ಉಯ್ಯಿ ಕಣ್ಲಾ ಮಗಾ,” ಅಂದಿತು.

ಚಲುವರಾಜುವಿನ ಕೈ ನಿಂತಿತು. ಚೆಂಬು ಹಿಡಿದುಕೊಂಡೇ ಅವನು ಒದ್ದೆ ನೆಲದ ಮೇಲೆ ಕೂತ. ಮೊದಲು ದನಿ ಬರಲಿಲ್ಲ, ಹೆಗಲು ಮಾತ್ರ ಕುಲುಕಿತು. ಆಮೇಲೆ ಅಳು ಬಂತು. ಎದೆ ಬಡಿದುಕೊಂಡು ಅಳುವ ಅಳುವಲ್ಲ, ಅದರಲ್ಲಿ ಬಂಗಾರವಿಲ್ಲ, ಮುತ್ತತ್ತಿಯಿಲ್ಲ. “ಇಸ್ಟೇ ಆಗ್ಬುಟ್ಟಿದ್ದೀಯಲ್ಲಪ್ಪ, ಇಸ್ಟೇ ಇಸ್ಟು ಆಗ್ಬುಟ್ಟಿದ್ದೀಯಲ್ಲಪ್ಪ” ಅನ್ನುವುದು ಬಿಟ್ಟು ಬೇರೆ ಮಾತೇ ಇರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಕತ್ತು ಇಟ್ಟು ನೋಡುತ್ತಿದ್ದ ಶಾಲೆಯ ಮಕ್ಕಳನ್ನು ಗದರಿಸಬೇಕೆಂದು ನನಗೆ ಅನ್ನಿಸಲಿಲ್ಲ.

ಹೊನ್ನಯ್ಯ ಒಂದು ಕಣ್ಣು ತೆರೆದ. “ಬಂತು, ಬಂತು!” ಎಂದು ಕೆಂಪಸಿದ್ದಯ್ಯನಿಗೆ ಗೆದ್ದವನ ಹಾಗೆ ಹೇಳಿದ. ಸ್ವಲ್ಪ ಹೊತ್ತು ತೃಪ್ತಿಯಿಂದ ಕೇಳಿದ. ಅಳು ನಿಲ್ಲಲಿಲ್ಲ. ಅವನಿಗೆ ಗಾಬರಿಯಾಯಿತು, ಎರಡೂ ಕಣ್ಣು ತೆರೆದು ಮೊಣಕೈ ಊರಿ ಎದ್ದ.

“ಸಾಕು ಬುಡ್ಲಾ, ದೋಸ ಓಯ್ತು. ಲೇ ಕೆಂಪಸಿದ್ದ, ಓಯ್ತು ತಾನೆ? ಅವ್ನಿಗೆ ಏಳು.”

“ಆಗ್ಲೇ ಓಯ್ತು ಕಣಪ್ಪೋ, ನಿಲ್ಸು,” ಎಂದ ಕೆಂಪಸಿದ್ದಯ್ಯ.

ಚಲುವರಾಜು ತಲೆ ಅಲ್ಲಾಡಿಸಿದ. ನಿಲ್ಲಿಸಲು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಹೊನ್ನಯ್ಯ ಮಗನ ತಲೆಯ ಮೇಲೆ ಕೈ ಇಟ್ಟುಕೊಂಡು ಅತ್ತ ಇತ್ತ ನೋಡಿದ. ಅಷ್ಟು ದೊಡ್ಡ ಬಾಯಿಯವನಿಗೆ ಸಮಾಧಾನದ ಒಂದು ಮಾತು ಬರುತ್ತಿರಲಿಲ್ಲ. ಒದ್ದೆ ಮೈಗೆ ಗಾಳಿ ಬೀಸಿ ಅವನ ಹಲ್ಲು ಕಟಕಟ ಅಂದವು.

“ಚಳಿ ಆಯ್ತದೆ ಕಣ್ಲಾ,” ಅಂದ. “ಅಳ್ತಾ ಅಳ್ತಾನೇ ಉಯ್ಯಿ.”

ಹೊಂಬಾಳಮ್ಮ ಒಲೆಗೆ ಇನ್ನಷ್ಟು ಸೌದೆ ನೂಕಿದಳು. ಚಲುವರಾಜು ಅಳುತ್ತಲೇ ಎದ್ದು ಹಂಡೆಯಿಂದ ನೀರು ಮೊಗೆದು ಅಪ್ಪನ ಹೆಗಲ ಮೇಲೆ ಹೊಯ್ದ.